ಬಳುಕುವ ದಂಡ, ಬಾಗದ ಅಭಿಮಾನ

ಗಾಲ್ಫ್ ಆಟಕ್ಕೆ ಹೊಸದಾಗಿ ಕಾಲಿಟ್ಟವರು ಅಂಗಡಿಯಲ್ಲಿ ಮೊದಲು ನೋಡುವುದು ಕೋಲಿನ ತಲೆಯನ್ನು. ಅದರ ಗಾತ್ರ, ಹೊಳಪು, ಅದರ ಮೇಲಿನ ಕಂಪನಿಯ ಹೆಸರು ಇವೆಲ್ಲ ಕಣ್ಣನ್ನು ಸೆಳೆಯುತ್ತವೆ. ತಲೆಗೂ ಹಿಡಿಗೂ ನಡುವಣ ನೀಳವಾದ ದಂಡವನ್ನು ಗಮನಿಸುವವರು ವಿರಳ. ಆದರೆ ಆ ದಂಡದ ಮೇಲೆ ಸಣ್ಣದಾಗಿ ಮುದ್ರಿತವಾದ ಅಕ್ಷರವೊಂದಿರುತ್ತದೆ. ಅದು ಕಣ್ಣಿಗೆ ಬಿದ್ದೊಡನೆ ಕೊಳ್ಳುವವನ ಅಭಿಮಾನ ಜಾಗೃತವಾಗುತ್ತದೆ.

‘ಎಲ್’ ಎಂದರೆ ಲೇಡೀಸ್, ‘ಎ’ ಎಂಬುದು ಸೀನಿಯರ್, ಅರ್ಥಾತ್ ವಯಸ್ಸಾದವರದು, ‘ಆರ್’ ರೆಗ್ಯುಲರ್, ‘ಎಸ್’ ಸ್ಟಿಫ್, ಎಂದರೆ ಬಿಗಿಯಾದುದು, ‘ಎಕ್ಸ್’ ಅದಕ್ಕಿಂತಲೂ ಬಿಗಿ. ಈ ಹೆಸರುಗಳನ್ನಿಟ್ಟವರಿಗೆ ಉಕ್ಕಿನ ಸ್ವಭಾವ ತಿಳಿದಷ್ಟು ಮನುಷ್ಯನ ಸ್ವಭಾವ ತಿಳಿದಿರಲಿಲ್ಲವೆನ್ನಬೇಕು. ಅರವತ್ತು ದಾಟಿದ ಯಾವ ಗೃಹಸ್ಥನು ತಾನೆ, ಮಿತ್ರರೆದುರಿನಲ್ಲಿ, ‘ನನಗೆ ಮುದುಕರ ದಂಡ ಕೊಡಿ’ ಎಂದು ಬಾಯಿಬಿಟ್ಟು ಕೇಳಿಯಾನು? ಅವನು ‘ಎಸ್’ ಕೊಳ್ಳುತ್ತಾನೆ. ಹಣ ತೆತ್ತು, ಆಮೇಲೆ ವರ್ಷಗಟ್ಟಲೆ ಬೆನ್ನುನೋವನ್ನೂ ತೆರುತ್ತಾನೆ.

ಹಿಂದೆ ಈ ಸಂಕಟವಿರಲಿಲ್ಲ. ದಂಡಗಳೆಲ್ಲ ಅಮೆರಿಕದ ಹಿಕರಿ ಮರದವು, ಒಂದರಂತೆ ಮತ್ತೊಂದಿಲ್ಲ. ಆಟಗಾರ ಹತ್ತಾರು ಕೋಲುಗಳನ್ನು ಕೈಯಲ್ಲಿ ಅಲುಗಿಸಿ ನೋಡಿ, ಮನಸ್ಸಿಗೆ ಒಪ್ಪಿದುದನ್ನು ಆರಿಸಿಕೊಳ್ಳುತ್ತಿದ್ದ. 1930ರಲ್ಲಿ ಒಂದೇ ವರ್ಷದಲ್ಲಿ ಬ್ರಿಟನ್ನಿನ ಮತ್ತು ಅಮೆರಿಕದ ಓಪನ್, ಅಮೆಚೂರ್ ಪಂದ್ಯಗಳು ನಾಲ್ಕನ್ನೂ ಗೆದ್ದ ಬಾಬಿ ಜೋನ್ಸ್ ಹಿಡಿದಿದ್ದುದು ಹಿಕರಿಯ ಕೋಲುಗಳನ್ನೇ. ಮುಂದೆ ಅವನ ಕೋಲುಗಳನ್ನು ಯಂತ್ರದಲ್ಲಿಟ್ಟು ಪರೀಕ್ಷಿಸಿದಾಗ ಬಹುತೇಕ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದ್ದು, ಮ್ಯಾಷಿ ನಿಬ್ಲಿಕ್ ಎಂಬ ಒಂದು ಮಾತ್ರ ಬೇರೆಯಾಗಿತ್ತೆಂದೂ, ಅದೊಂದೇ ತನಗೆ ಸದಾ ತೊಂದರೆ ಕೊಡುತ್ತಿತ್ತೆಂದು ಅವನು ಹೇಳಿದನೆಂದೂ ಪ್ರತೀತಿ. ಕೈ ಅರಿತುದನ್ನು ಯಂತ್ರ ತಡವಾಗಿ ಅರಿಯಿತು.

ಉಕ್ಕಿನ ದಂಡಕ್ಕೆ ಅಮೆರಿಕದ ಸಂಸ್ಥೆ 1924ರಲ್ಲಿಯೂ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಿರಿಯರು 1929ರಲ್ಲಿಯೂ ಸಮ್ಮತಿಯಿತ್ತರು. ಕಾರ್ಖಾನೆಯಲ್ಲಿ ಒಂದೇ ಅಚ್ಚಿನ ಸಾವಿರಾರು ದಂಡಗಳು ತಯಾರಾಗತೊಡಗಿದ ಮೇಲೆ ಬಳುಕಿಗೊಂದು ಅಕ್ಷರ ಹಚ್ಚುವ ಅಗತ್ಯ ಬಂದಿತು. 1970ರ ಹೊತ್ತಿಗೆ ಗ್ರಾಫೈಟ್ ದಂಡಗಳೂ ಬಂದುವು. ಉಕ್ಕಿನದು ನೂರು ಗ್ರಾಮಿನ ಆಸುಪಾಸು ತೂಗಿದರೆ, ಡ್ರೈವರಿನ ಗ್ರಾಫೈಟ್ ದಂಡ ಐವತ್ತು ಅರವತ್ತು ಗ್ರಾಮಿನಷ್ಟೇ ಇರಬಹುದು.

ವಿಚಿತ್ರವೆಂದರೆ, ಆ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಒಂದು ಕಂಪನಿಯ ‘ಆರ್’ ಮತ್ತೊಂದರ ‘ಎಸ್’ನಷ್ಟು ಬಿಗಿಯಾಗಿರಬಹುದು. ಸೇರಿನ ಕಲ್ಲು ಅಂಗಡಿಗೊಂದು ತೂಕವಾದಂತೆ! ನಿಜವಾಗಿ ಅಳೆಯಬೇಕೆನ್ನುವವರು ಹಿಡಿಯ ಭಾಗವನ್ನು ಇಕ್ಕಳದಲ್ಲಿ ಬಿಗಿದು, ತುದಿಯನ್ನು ತಂತಿಯಂತೆ ಮೀಟಿ, ಅದು ನಿಮಿಷಕ್ಕೆ ಎಷ್ಟು ಸಲ ಕಂಪಿಸುವುದೆಂದು ಎಣಿಸುತ್ತಾರೆ. ಸಾಧಾರಣ ಡ್ರೈವರಿನಲ್ಲಿ ಅದು 250ರ ಸುತ್ತಮುತ್ತ. ಬಿಗಿ ಹೆಚ್ಚಿದಂತೆ ಕಂಪನವೂ ಹೆಚ್ಚು.

ಬಳುಕು ಮಾಡುವ ಕೆಲಸವಾದರೂ ಏನು? ಚಾಟಿಯಂತೆ ಚೆಂಡನ್ನು ಚಿಮ್ಮಿಸುತ್ತದೆಂಬ ನಂಬಿಕೆ ಬಹಳ ಮಂದಿಗಿದೆ. ವೇಗ ಬರುವುದು ಬಹುಮಟ್ಟಿಗೆ ಮೈಯಿಂದ, ಕೈಯಿಂದ. ದಂಡದ ಪಾಲು ಅತ್ಯಲ್ಪ. ಕೋಲು ಕೆಳಗಿಳಿಯತೊಡಗಿದಾಗ ದಂಡ ಹಿಂದಕ್ಕೆ ಬಾಗುತ್ತದೆ. ತಲೆಯ ಭಾರ ದಂಡದ ನೇರದಲ್ಲಿರದೆ ಪಕ್ಕಕ್ಕಿರುವುದರಿಂದ, ಚೆಂಡಿನ ಸಮೀಪಕ್ಕೆ ಬರುವಷ್ಟರಲ್ಲಿ ಅದು ಮುಂದಕ್ಕೆ ಬಾಗಿರುತ್ತದೆ. ಚೆಂಡಿಗೂ ಕೋಲಿಗೂ ಸ್ಪರ್ಶವಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಕಾಲ. ಆ ಕ್ಷಣದಲ್ಲಿ ಕೋಲಿನ ಮುಖ ಎತ್ತ ನೋಡುತ್ತಿದೆ ಎಂಬುದೇ ಮುಖ್ಯ. ಬಲಗೈ ಆಟಗಾರನಿಗೆ ದಂಡ ಅತಿ ಬಿಗಿಯಾದರೆ ಚೆಂಡು ತಗ್ಗಾಗಿ ಬಲಕ್ಕೆ ಸರಿಯುವುದು, ಅತಿ ಮೆದುವಾದರೆ ಮೇಲೆದ್ದು ಎಡಕ್ಕೆ ವಾಲುವುದು ಸಾಮಾನ್ಯ, ಇದಕ್ಕೂ ಅಪವಾದಗಳುಂಟು.

ಡ್ರೈವರ್ ಬೀಸುವ ವೇಗ ಗಂಟೆಗೆ 75ರಿಂದ 85 ಮೈಲಿಯಾದರೆ ‘ಎ’, 95ರವರೆಗೆ ‘ಆರ್’, 105ರವರೆಗೆ ‘ಎಸ್’, ಅದನ್ನು ಮೀರಿದವರಿಗೆ ‘ಎಕ್ಸ್’, 75ಕ್ಕಿಂತ ಕಡಿಮೆಯಾದರೆ ‘ಎಲ್’ ಎಂಬುದು ಅಂಗಡಿಗಳ ರೂಢಿ. ದಿಕ್ಕು ತೋರಿಸುವುದಕ್ಕೆ ಈ ಲೆಕ್ಕ ಸಾಕು. ಆದರೆ ಒಂದೇ ವೇಗದ ಇಬ್ಬರಲ್ಲಿ ಒಬ್ಬನು ತೂಗುಯ್ಯಾಲೆಯಂತೆ ಸಾವಧಾನವಾಗಿ ಬೀಸಿಯಾನು, ಇನ್ನೊಬ್ಬನು ಮೇಲಿನಿಂದ ಥಟ್ಟನೆ ಜಗ್ಗಿಯಾನು. ಮೊದಲಿನವನಿಗೆ ಒಂದು ಮೆಟ್ಟಿಲು ಮೆದುವಾದುದೂ ಎರಡನೆಯವನಿಗೆ ಬಿಗಿಯಾದುದೂ ಹಿತವಾದೀತು. ವೇಗವನ್ನು ಯಂತ್ರ ಹೇಳುತ್ತದೆ. ಈ ಲಯವನ್ನು ನೋಡಿ ಹೇಳಲು ಅನುಭವಿಯೊಬ್ಬನ ಕಣ್ಣು ಬೇಕು.

ಜಾಣರಾದ ಕೆಲವು ಅಂಗಡಿಯವರು ಅಕ್ಷರದ ಮೇಲೆ ಕಾಗದದ ಪಟ್ಟಿ ಅಂಟಿಸಿ ಕೋಲನ್ನು ಕೈಗಿಡುತ್ತಾರೆ. ಒಂದೊಂದರಿಂದಲೂ ಹತ್ತು ಚೆಂಡು ಹೊಡೆಯಿಸಿ, ಅತಿ ದೂರ ಹೋದ ಒಂದನ್ನು ಬದಿಗಿಟ್ಟು, ಉಳಿದ ಒಂಬತ್ತು ಎಲ್ಲೆಲ್ಲಿ ಬಿದ್ದುವೆಂದು ಗುರುತು ಮಾಡುತ್ತಾರೆ. ಇದಕ್ಕಿಂತ ಒಳ್ಳೆಯ ಉಪಾಯ ಕಾಣದು. ಪಟ್ಟಿ ಕಿತ್ತಾಗ ‘ಎ’ ಕಂಡು ಮುಖ ಬಾಡುವವರಿದ್ದಾರೆ. ಆದರೆ ಆ ಹೊತ್ತಿಗೆ ಗುರುತುಗಳು ಕಣ್ಣೆದುರಿಗೇ ಇರುತ್ತವಷ್ಟೆ.

ಸ್ತ್ರೀಯರಿಗೆ ಈ ಅಕ್ಷರದಿಂದ ಆಗುವ ಅನ್ಯಾಯ ಇದರ ತಿರುವು. ಬಲವಾಗಿ ಬೀಸಬಲ್ಲ ಹುಡುಗಿಗೂ ‘ಎಲ್’ ಕೋಲನ್ನೇ ಕೊಟ್ಟು ಕಳುಹಿಸುವ ವಾಡಿಕೆ ಹಲವು ಕಡೆ ಇದೆ. ಹಾಗೆಂದು ದೂರದ ಹೊಡೆತವೇ ಸರ್ವಸ್ವವಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ಅಲ್ಲಿ ದೂರ ಹೊಡೆಯುವವರ ಸಾಲಿನಲ್ಲಿರಲಿಲ್ಲ. ಅವರನ್ನು ಅಷ್ಟೆತ್ತರಕ್ಕೆ ಒಯ್ದುದು ಹುಲ್ಲಿನ ಮೇಲೆ ಚೆಂಡುರುಳಿಸುವ ಪಟರ್.

ಮಕ್ಕಳ ವಿಷಯದಲ್ಲಿ ತಂದೆಯರು ಮಾಡುವ ಮಿತವ್ಯಯವೊಂದಿದೆ. ತಮ್ಮ ಹಳೆಯ ಕೋಲನ್ನು ಹಿಡಿಯ ಕಡೆಯಿಂದ ಕತ್ತರಿಸಿ ಮಗುವಿಗೆ ಕೊಡುತ್ತಾರೆ. ದಂಡ ಗಿಡ್ಡವಾದಷ್ಟೂ ಬಿಗಿಯಾಗುತ್ತದೆ. ತಲೆಯ ಭಾರ ಮಾತ್ರ ದೊಡ್ಡವರದೇ ಉಳಿಯುತ್ತದೆ. ಎಂಟು ವರ್ಷದ ಮಗು ಆ ಹಾರೆಯನ್ನು ಎತ್ತಲಾರದೆ ಇಡೀ ಮೈ ತಿರುಚಿ ಬೀಸುವುದನ್ನು ಕಲಿಯುತ್ತದೆ, ಕಲಿತುದನ್ನು ಬಿಡಿಸಲು ಮುಂದೆ ಗುರುವಿಗೆ ಸಂಬಳ ಕೊಡಬೇಕಾಗುತ್ತದೆ. ಮಕ್ಕಳಿಗೆಂದೇ ಮಾಡಿದ ಹಗುರವಾದ, ಬಳುಕುವ ಕೋಲುಗಳು ದೊರೆಯುತ್ತವೆ. ಮೂರು ನಾಲ್ಕು ಕೋಲುಗಳಿದ್ದರೆ ಸಾಕು. ಮಗು ಬೆಳೆದ ಮೇಲೆ ತಮ್ಮನಿಗೋ ನೆರೆಮನೆಯ ಹುಡುಗಿಗೋ ಅವು ಬಂದಾವು.