ಮಕ್ಕಳು ಪರದೇಶಕ್ಕೆ, ತೋಟ ಯಾರ ಕೈಗೆ?

ಕಾಫಿ, ಅಡಿಕೆ ಬೆಳೆಯುವ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಇಂದು ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಓದಲು ಹೋದವರು ಕೆಲಸಕ್ಕೆ ನಿಂತರು; ಕೆಲಸಕ್ಕೆ ನಿಂತವರು ಮನೆ ಕೊಂಡರು; ಮನೆ ಕೊಂಡವರು ಈಗ ಅಲ್ಲಿಯ ಪ್ರಜೆಗಳಾಗುವ ಯೋಚನೆಯಲ್ಲಿದ್ದಾರೆ. 2022ರಲ್ಲೂ 2023ರಲ್ಲೂ, ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಭಾರತದ ಪೌರತ್ವವನ್ನು ಬಿಟ್ಟುಕೊಟ್ಟರೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅವರಲ್ಲಿ ತೋಟದ ಮನೆಯ ಮಕ್ಕಳೂ ಇದ್ದಾರೆ.

ಹೋಗುವವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮೂರು ಎಕರೆ ತೋಟವನ್ನು ಮೂವರು ಮಕ್ಕಳಿಗೆ ಹಂಚಿದರೆ ಒಬ್ಬರ ಸಂಸಾರವೂ ನಡೆಯದು ಎಂಬುದು ನಮಗೆಲ್ಲ ಗೊತ್ತಿರುವ ಲೆಕ್ಕ. ಹೊರಗೆ ದುಡಿದವರ ಹಣದಿಂದ ಎಷ್ಟೋ ಮನೆಗಳ ಸಾಲ ತೀರಿದೆ, ಕೆರೆ ತೋಡಿಸಿದ್ದಾಗಿದೆ, ಕಣಕ್ಕೆ ಸಿಮೆಂಟು ಹಾಕಿಸಿದ್ದಾಗಿದೆ. ನಮ್ಮ ತಕರಾರು ಬೇರೆ. ಪರದೇಶಕ್ಕೆ ಖಾಯಂ ಆಗಿ ಹೊರಡುವವರ ಮನೆಯಲ್ಲಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಪಾಸ್‌ಪೋರ್ಟು, ವೀಸಾ, ಅಂಕಪಟ್ಟಿ, ಜನನ ಪತ್ರ, ಉಣ್ಣೆ ಬಟ್ಟೆ, ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲಕ್ಕೂ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ತೋಟದ ಹೆಸರು ಮಾತ್ರ ಇರುವುದಿಲ್ಲ. ‘ಅದಕ್ಕೇನು ಅವಸರ, ಮುಂದೆ ನೋಡೋಣ’ ಎಂದು ಹಿರಿಯರೂ ಹೇಳುತ್ತಾರೆ, ಕಿರಿಯರೂ ಒಪ್ಪುತ್ತಾರೆ. ಈ ‘ಮುಂದೆ ನೋಡೋಣ’ ಎಂಬ ಮಾತೇ ನಮ್ಮ ಸಣ್ಣ ಹಿಡುವಳಿಗಳಿಗೆ ಕುತ್ತಾಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

ಊರು ಬಿಟ್ಟು ಹೋಗುವುದು ನಮ್ಮ ಮಲೆನಾಡು, ಕರಾವಳಿಗಳಿಗೆ ಮಾತ್ರ ಸೇರಿದ್ದಲ್ಲ. ರಾಜ್ಯದ ಇನ್ನೊಂದು ತುದಿಯಲ್ಲಿ, ಬೀದರ್ ಜಿಲ್ಲೆಯ ಮಹಾರಾಷ್ಟ್ರ ಗಡಿಯ ಬಳಿ ಠಾಣಾ ಕುಶನೂರ ಎಂಬ ಊರಿದೆ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಬೆಳೆಯುವ ಮಳೆಯಾಶ್ರಿತ ಸೀಮೆ. ಅತ್ತಲಿನ ಹಳ್ಳಿಗಳ ಜನ ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುವುದು ಬಹಳ ಹಿಂದಿನಿಂದ ಬಂದದ್ದು. ಆದರೆ ಎಳ್ಳ ಅಮಾವಾಸ್ಯೆ ಬಂದಿತೆಂದರೆ ಹೋದವರು ಊರಿಗೆ ಬರುತ್ತಾರೆ. ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಅಲ್ಲೇ ಕುಳಿತು ಊಟ ಮಾಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಹೊಲದ ಒಡೆಯ ಹೊಲದ ಬದುವಿನ ಮೇಲೆ ನಡೆದಾಡುತ್ತಾನೆ. ಒಂದು ಮುಂಗಾರಿನಲ್ಲಿ ಬಿತ್ತದೆ ಹೊಲ ಬೀಳುಬಿಟ್ಟರೂ ಮುಂದಿನ ವರ್ಷ ಹರಗಿ ತೊಗರಿ ಬಿತ್ತಬಹುದು. ನಷ್ಟವಾಗುವುದು ಒಂದು ವರ್ಷದ ಬೆಳೆ.

ನಮ್ಮ ಬೆಳೆಗೆ ಆ ಅನುಕೂಲವಿಲ್ಲ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಮೈಲುತುತ್ತು ಸುಣ್ಣದ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಗೊನೆಯನ್ನು ಉಳಿಸುವುದಿಲ್ಲ. ಅರೇಬಿಕಾ ಕಾಫಿಯಲ್ಲಿ ಬೋರರ್ ಹೊಕ್ಕ ಗಿಡವನ್ನು ಹುಡುಕಿ ಕಿತ್ತು ನಾಶಪಡಿಸದಿದ್ದರೆ ಹುಳು ಪಕ್ಕದ ಗಿಡಗಳಿಗೂ ಹಬ್ಬುತ್ತದೆ. ಅದು ನಮ್ಮ ಬೇಲಿಯಲ್ಲಿ ನಿಲ್ಲುವುದಿಲ್ಲ. ನೆರೆಯವನ ತೋಟಕ್ಕೂ ಹೋಗುತ್ತದೆ. ಮರಗಸಿ, ಚಿಗುರು ತೆಗೆಯುವುದು, ಕಳೆ, ಗೊಬ್ಬರ, ಬಸಿಗಾಲುವೆ ಎಲ್ಲಕ್ಕೂ ಅದರದರ ಕಾಲವಿದೆ. ‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂದು ಹಿಂದಿನವರು ಹೇಳಿದ್ದುಂಟು. ಇಂದು ತಾನು ಮುದುಕನಾಗಿದ್ದಾನೆ, ಮಗ ಹೊರದೇಶದಲ್ಲಿದ್ದಾನೆ, ಆಳು ಸಿಗುವುದಿಲ್ಲ. ಎರಡು ಮೂರು ವರ್ಷ ಕೈಬಿಟ್ಟ ತೋಟವನ್ನು ಮತ್ತೆ ಎಬ್ಬಿಸಲು ಹತ್ತು ವರ್ಷ ಹಿಡಿದೀತು. ಆದ್ದರಿಂದ ಪೇಟೆಗೆ ಹೋಗುವವನ ಸಿದ್ಧತೆಗೂ ಪರದೇಶದಲ್ಲಿ ನೆಲೆಸಲು ಹೋಗುವವನ ಸಿದ್ಧತೆಗೂ ಬಹಳ ವ್ಯತ್ಯಾಸವಿರಬೇಕು.

ಇನ್ನು ಕಾನೂನಿನ ಮಾತು. ಇದನ್ನು ನಮ್ಮ ಬೆಳೆಗಾರರಲ್ಲಿ ಹಲವರು ತಿಳಿದುಕೊಂಡಿಲ್ಲ. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 1955ರ ಪೌರತ್ವ ಕಾಯಿದೆಯಂತೆ, ತಾನಾಗಿ ಬೇರೆ ದೇಶದ ಪ್ರಜೆಯಾದವನ ಭಾರತೀಯ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಅಂಥವರು ಪಡೆಯುವ ಒಸಿಐ ಕಾರ್ಡು ಜೀವನಪರ್ಯಂತ ಬಂದುಹೋಗಲು ಅನುಕೂಲ ಕೊಡುತ್ತದೆಯೇ ಹೊರತು ಮತದಾನದ ಹಕ್ಕನ್ನಾಗಲಿ, ಕೃಷಿ ಜಮೀನು ಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ. ವಿದೇಶಿ ವಿನಿಮಯ ಕಾಯಿದೆಯ ಕೆಳಗೆ 2019ರಲ್ಲಿ ಹೊರಟ ನಿಯಮಗಳ ಪ್ರಕಾರ ಹೊರದೇಶದಲ್ಲಿ ನೆಲೆಸಿದವರು, ಅವರಲ್ಲಿ ಭಾರತದ ಪಾಸ್‌ಪೋರ್ಟು ಇನ್ನೂ ಉಳಿಸಿಕೊಂಡಿರುವವರೂ ಸೇರಿ, ಕೃಷಿ ಜಮೀನನ್ನಾಗಲಿ, ಪ್ಲಾಂಟೇಶನ್ ಆಸ್ತಿಯನ್ನಾಗಲಿ, ತೋಟದ ಮನೆಯನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ. ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ತಂದೆಯೇ ಮಗನಿಗೆ ದಾನ ಬರೆದರೂ ಇದೇ ನಿಯಮ. ವಾರಸಿನಿಂದ ಬಂದರೆ ಮಾತ್ರ ಪಡೆಯಬಹುದು. ಇಲ್ಲಿ ವಾಸವಿದ್ದಾಗ ಪಡೆದದ್ದನ್ನು ಹೋದ ಮೇಲೂ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಾಗಿರುವವರಿಗೇ ಮಾರಬೇಕು.

ಇದರ ಅರ್ಥ ಸರಳ. ಮಗ ಊರಿನಲ್ಲಿರುವಾಗ ಒಂದು ಮಧ್ಯಾಹ್ನ ಉಪನೋಂದಣಿ ಕಚೇರಿಗೆ ಹೋಗಿ ಮುಗಿಸಬಹುದಾದ ಕೆಲಸ, ಅವನು ಹೊರದೇಶದ ನಿವಾಸಿಯಾದ ಮೇಲೆ ಕೆಲವು ರೀತಿಯಲ್ಲಿ ಅಸಾಧ್ಯವಾಗುತ್ತದೆ, ಉಳಿದ ರೀತಿಯಲ್ಲಿ ತೊಡಕಾಗುತ್ತದೆ. ಅಲ್ಲಿಂದ ಅಧಿಕಾರ ಪತ್ರ ಬರೆದು ಕಳಿಸಬೇಕಾದರೆ ಅಲ್ಲಿಯ ನೋಟರಿ ಅಥವಾ ನಮ್ಮ ರಾಯಭಾರ ಕಚೇರಿಯ ಮುಂದೆ ಸಹಿ ಮಾಡಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರ ಪತ್ರವೇ ಮಾಲೀಕತ್ವವಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟಪಡಿಸಿದೆ. ಬರೆದುಕೊಟ್ಟವರು ತೀರಿಕೊಂಡರೆ ಆ ಪತ್ರದ ಬಲವೂ ಸಾಮಾನ್ಯವಾಗಿ ಅಲ್ಲಿಗೇ ತೀರಿತು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ನಾಲ್ಕು ಎಕರೆ ತೋಟ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ. ಹಿರಿಯ ಮಗ ಅಮೆರಿಕದಲ್ಲಿ, ಮಗಳು ಕೆನಡಾದಲ್ಲಿ, ಕಿರಿಯವನು ಊರಲ್ಲಿ. ಕಿರಿಯವನೇ ತಂದೆತಾಯಿಯನ್ನು ನೋಡಿಕೊಳ್ಳುತ್ತಾನೆ, ಅವನೇ ಮದ್ದು ಹೊಡೆಸುತ್ತಾನೆ, ಅವನೇ ಸತ್ತ ಮರದ ಜಾಗಕ್ಕೆ ಸಸಿ ನೆಡುತ್ತಾನೆ. ಆದರೆ ತನ್ನ ಹೆಸರಿನಲ್ಲಿ ಪಹಣಿ ಇಲ್ಲದ್ದರಿಂದ ಸೊಸೈಟಿಯಲ್ಲಿ ಬೆಳೆ ಸಾಲಕ್ಕೂ ತೊಡಕು, ಬೆಳೆ ವಿಮೆಗೂ ತೊಡಕು. ಇಪ್ಪತ್ತು ವರ್ಷ ದುಡಿದ ಮೇಲೆ ತಂದೆತಾಯಿ ತೀರಿಕೊಂಡರೆ, ಮೂರು ಸಮಪಾಲು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಾನ ಹಕ್ಕನ್ನು ಹಿಂದೂ ಕುಟುಂಬಗಳಲ್ಲಿ ನಮ್ಮ ರಾಜ್ಯ 1994ರಲ್ಲೂ ಇಡೀ ದೇಶ 2005ರಲ್ಲೂ ಒಪ್ಪಿಕೊಂಡಿವೆ. ಅದು ನ್ಯಾಯವೂ ಹೌದು. ಆಗ ಹೊರಗಿರುವ ಇಬ್ಬರ ಸಹಿ ಇಲ್ಲದೆ ಪಾಲುಪಟ್ಟಿ ಆಗದು. ಅವರಿಗೆ ರಜೆ ಇಲ್ಲ, ಊರಿನ ಬೆಲೆ ಗೊತ್ತಿಲ್ಲ, ಗಡಿಕಲ್ಲು ಎಲ್ಲಿದೆ ಎಂಬುದೂ ಗೊತ್ತಿಲ್ಲ. ಯಾರೂ ಕೆಟ್ಟವರಲ್ಲ; ಆದರೂ ಜಗಳ ಬಂದೇ ಬರುತ್ತದೆ. ಕೊನೆಗೆ ಬೇಸತ್ತು ಮೂವರೂ ಸೇರಿ ಮಾರುತ್ತಾರೆ. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆಯನ್ನು ನಮ್ಮ ರಾಜ್ಯದಲ್ಲಿ 2020ರ ತಿದ್ದುಪಡಿ ತೆಗೆದುಹಾಕಿದ ಮೇಲೆ, ಕೊಳ್ಳಲು ಬರುವವನು ಬೆಳೆಗಾರನೇ ಆಗಿರಬೇಕೆಂದೇನೂ ಇಲ್ಲ.

ಈ ಕಥೆಯಲ್ಲಿ ಅನ್ಯಾಯವಾದದ್ದು ಊರಲ್ಲಿ ಉಳಿದವನಿಗೆ. ಪರದೇಶಕ್ಕೆ ಹೋಗುವವರ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಉಳಿಯುವವನ ಬಗ್ಗೆ ಯಾರೂ ಮಾತಾಡುವುದಿಲ್ಲ. ‘ಅವನೊಬ್ಬ ಊರಲ್ಲೇ ಇದ್ದಾನೆ’ ಎಂದು ನೆಂಟರಿಷ್ಟರ ಮುಂದೆ ಹಗುರವಾಗಿ ಹೇಳುವ ತಂದೆತಾಯಿಗಳೂ ಇದ್ದಾರೆ. ತೋಟ ಉಳಿದಿರುವುದು ಅವನಿಂದ ಎಂಬುದನ್ನು ಕಾಗದದ ಮೇಲೆ ಒಪ್ಪಿಕೊಳ್ಳದಿದ್ದರೆ, ಅವನೂ ಒಂದು ದಿನ ಬಸ್ಸು ಹತ್ತುತ್ತಾನೆ.

‘ಯಾರಿಗಾದರೂ ಗೇಣಿಗೆ ಕೊಟ್ಟರಾಯಿತು’ ಎನ್ನುವವರಿಗೆ ಒಂದು ಮಾತು. 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಜಮೀನುಗಳು ಸರ್ಕಾರದ ವಶವಾಗಿ, ಬಳಿಕ ಉಳುವವರ ಹೆಸರಿಗೆ ಬಂದವು. ನಮ್ಮಲ್ಲಿ ಎಷ್ಟೋ ಮಂದಿ ಇಂದು ತೋಟದ ಒಡೆಯರಾಗಿರುವುದು ಆ ಕಾನೂನಿನಿಂದಲೇ. ನೆಲದ ಮೇಲೆ ನಿಂತು ದುಡಿಯುವವನಿಗೇ ನೆಲದ ಹಕ್ಕು ಎಂಬ ಮಾತಿನಿಂದ ಬದುಕು ಕಟ್ಟಿಕೊಂಡ ನಾವು, ನಮ್ಮ ಮನೆಯೊಳಗೆ ದುಡಿಯುವವನ ವಿಷಯದಲ್ಲಿ ಆ ಮಾತನ್ನು ಮರೆಯಬಾರದು.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದಾಗಿ, ಮನೆಯಿಂದ ಒಬ್ಬರು ಖಾಯಂ ಆಗಿ ಹೊರಡುವುದು ನಿಶ್ಚಯವಾದ ದಿನದಿಂದ ಪಹಣಿ ಸರಿಪಡಿಸುವ ಕೆಲಸ ಶುರುವಾಗಬೇಕು. ಪೌತಿ ಖಾತೆ, ಪೋಡಿ, ಅಳತೆ ನಕ್ಷೆ ಬಾಕಿ ಇದ್ದರೆ ಮುಗಿಸಿಕೊಳ್ಳಬೇಕು. ಕುಮ್ಕಿ, ಬಾಣೆ, ಸೊಪ್ಪಿನ ಬೆಟ್ಟ, ನೀರಿನ ಸರದಿ, ದಾರಿಯ ಹಕ್ಕು ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೊರಡುವವರನ್ನು ಕರೆದುಕೊಂಡು ಹೋಗಿ ಗಡಿಕಲ್ಲುಗಳನ್ನು ತೋರಿಸಬೇಕು.

ಎರಡನೆಯದಾಗಿ, ಎಲ್ಲ ಮಕ್ಕಳೂ ಎದುರಿಗಿರುವಾಗ ಪಾಲಿನ ಮಾತು ಮುಗಿಸಬೇಕು. ಹೊರಡುವವರು ತಮ್ಮ ಪಾಲನ್ನು ಇಟ್ಟುಕೊಳ್ಳುತ್ತಾರೋ, ಉಳಿಯುವವರಿಗೆ ಬಿಟ್ಟುಕೊಡುತ್ತಾರೋ, ಬೆಲೆ ಕಟ್ಟಿ ಹಣ ಪಡೆಯುತ್ತಾರೋ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಬಿಟ್ಟುಕೊಡುವುದು ದೊಡ್ಡತನ, ಹಣ ಕೇಳುವುದು ತಪ್ಪಲ್ಲ. ತಪ್ಪಾಗುವುದು ಏನೂ ಹೇಳದೆ ಹೋಗುವುದು. ಹಣ ಕೊಡಬೇಕಾದಲ್ಲಿ ಐದಾರು ಕೊಯ್ಲುಗಳಿಗೆ ಕಂತು ಮಾಡಿಕೊಳ್ಳಬಹುದು. ಮುಂದೆ ಹೊರಗಿನವರು ತಮ್ಮ ವಾರಸು ಪಾಲನ್ನು ಮಾರುವುದಾದರೂ ಸಹವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿದೆ. ಕೃಷಿ ಜಮೀನಿಗೂ ಅದು ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮೂರನೆಯದಾಗಿ, ಹಿರಿಯರು ಉಯಿಲು ಬರೆದಿಡಬೇಕು. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಉಯಿಲು ಊರ್ಜಿತ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸ್ವಯಾರ್ಜಿತವನ್ನು ಪೂರ್ತಿಯಾಗಿ, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ ಉಯಿಲಿನಲ್ಲಿ ಬರೆಯಬಹುದು. ಸಹಕಾರ ಸಂಘದ ಷೇರು, ಠೇವಣಿಗಳಿಗೂ ನಾಮನಿರ್ದೇಶನ ಮಾಡಿಸಬೇಕು.

ನಾಲ್ಕನೆಯದು ಹೊರಡುವವರ ಹಣದ ವಿಷಯ. ಊರಿನ ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಿಕೊಳ್ಳುವುದು ನಿಯಮ. ಮುಂದೆ ವಾರಸಿನ ತೋಟ ಮಾರಿದ ಹಣವನ್ನು ಆ ಖಾತೆಯಿಂದ ತೆರಿಗೆ ಕಳೆದು, ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿಯೊಳಗೆ ಕೊಂಡೊಯ್ಯಬಹುದು. ಕೃಷಿ ಆದಾಯಕ್ಕೆ ಇಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ಸುಮ್ಮನಿರಬಾರದು. ಅಮೆರಿಕ ತನ್ನ ಪ್ರಜೆಗಳು ಮತ್ತು ಖಾಯಂ ನಿವಾಸಿಗಳಿಂದ ಜಗತ್ತಿನ ಎಲ್ಲ ಕಡೆಯ ಆದಾಯದ ಲೆಕ್ಕವನ್ನೂ ಕೇಳುತ್ತದೆ.

‘ಈಗಲೇ ಬರೆದುಕೊಟ್ಟರೆ ನಾಳೆ ನಮ್ಮನ್ನು ಕೇಳುವವರು ಯಾರು?’ ಎಂಬ ಭಯ ಹಿರಿಯರಿಗಿದೆ. ಈ ಭಯ ಸುಳ್ಳಲ್ಲ. ಅದಕ್ಕೂ ದಾರಿಯುಂಟು. ತಂದೆತಾಯಿ ಬದುಕಿರುವವರೆಗೆ ಮನೆಯಲ್ಲಿ ವಾಸ, ತೋಟದ ಉತ್ಪತ್ತಿಯಲ್ಲಿ ಇಂತಿಷ್ಟು ಭಾಗ ಎಂದು ಪತ್ರದಲ್ಲೇ ಬರೆಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ತಪ್ಪಿದರೆ ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ. ಷರತ್ತನ್ನು ಬರವಣಿಗೆಯಲ್ಲಿ ಇಡುವುದು ಮುಖ್ಯ. ಬರಿಯ ನಂಬಿಕೆಯ ಮೇಲೆ ಬಿಡಬೇಡಿ, ಬರಿಯ ಅನುಮಾನದಿಂದ ತಡೆದಿಡಲೂ ಬೇಡಿ. ಮಕ್ಕಳ ಹಿಂದೆ ತಾವೂ ಹೊರಟು ನಿಂತಿರುವ ಹಿರಿಯರು ಇನ್ನೊಂದನ್ನು ತಿಳಿದಿರಬೇಕು. ಕೆನಡಾದ ಖಾಯಂ ನಿವಾಸಿ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ಅಲ್ಲಿರಬೇಕು. ಅಮೆರಿಕದ ಹಸಿರು ಕಾರ್ಡಿನವರು ಪೂರ್ವಾನುಮತಿ ಇಲ್ಲದೆ ಒಂದು ವರ್ಷಕ್ಕೂ ಹೆಚ್ಚು ಹೊರಗಿದ್ದರೆ ಕಾರ್ಡಿಗೇ ಸಂಚಕಾರ. ಮಳೆಗಾಲಕ್ಕೂ ಕೊಯ್ಲಿಗೂ ಊರು, ಉಳಿದಂತೆ ಮೊಮ್ಮಕ್ಕಳ ಮನೆ ಎಂಬ ಏರ್ಪಾಡು ಎಲ್ಲರಿಗೂ ಒದಗುವುದಿಲ್ಲ.

ಹೊರಡುವ ಮಕ್ಕಳಿಗೂ ಒಂದು ಮಾತು. ‘ಐದು ವರ್ಷ ದುಡಿದು ಬಂದುಬಿಡುತ್ತೇನೆ’ ಎಂದು ಹೇಳುವ ಮುನ್ನ ಯೋಚಿಸಿ. ಆ ಒಂದು ಮಾತನ್ನು ನಂಬಿ ಎಪ್ಪತ್ತು ದಾಟಿದ ತಂದೆ ತೋಟ ಮಾರದೆ, ಕೊಡದೆ, ಬಿಡದೆ ಕಾಯುತ್ತಾರೆ. ಬರುವುದಿಲ್ಲವೆಂದು ನಿಮಗೆ ಖಚಿತವಿದ್ದರೆ ಹಾಗೆಂದು ಹೇಳುವುದೇ ಉಪಕಾರ. ಬರಬೇಕಾಗಿ ಬಂದೀತೆಂಬ ಅಳುಕಿದ್ದರೆ ಅದನ್ನೂ ಹೇಳಿ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಆದೇಶವನ್ನು ಕಂಡವರಿಗೆ, ಅಲ್ಲಿಯ ಬಾಗಿಲು ಒಂದೇ ರಾತ್ರಿಯಲ್ಲಿ ಕಿರಿದಾಗಬಲ್ಲದೆಂಬುದು ತಿಳಿದಿದೆ. ಹಿಂತಿರುಗುವ ಆಸೆ ಇರುವವರು ತಮ್ಮ ಪಾಲನ್ನು ಉಳಿಸಿಕೊಳ್ಳಲಿ. ಆದರೆ ಗೊಬ್ಬರಕ್ಕೂ ಮದ್ದಿಗೂ ತಮ್ಮ ಭಾಗದ ಹಣವನ್ನು ವರ್ಷ ವರ್ಷ ಕಳಿಸಲಿ. ಕಳಿಸಿದ್ದಕ್ಕೂ ಖರ್ಚಾದದ್ದಕ್ಕೂ ಇಬ್ಬರೂ ಲೆಕ್ಕ ಇಡಲಿ.

ನಮ್ಮ ಸಹಕಾರ ಸಂಘಗಳಿಗೂ ಇಲ್ಲಿ ಹೊಣೆಯಿದೆ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಬಿಡುವಿನಲ್ಲಿ, ಒಬ್ಬ ವಕೀಲರನ್ನೂ ಕಂದಾಯ ಇಲಾಖೆಯವರನ್ನೂ ಕರೆಸಿ ಸದಸ್ಯರ ಪಹಣಿ, ಪೌತಿ ಖಾತೆ, ಉಯಿಲುಗಳ ಬಗ್ಗೆ ಸಲಹೆ ಕೊಡಿಸಬಹುದು. ಮಕ್ಕಳು ದೂರವಿರುವ ಒಂಟಿ ಹಿರಿಯರ ತೋಟಕ್ಕೆ ಮದ್ದು ಹೊಡೆಯುವ, ಕೊಯ್ಲು ಮಾಡುವ ತಂಡವನ್ನು ನಿಗದಿತ ದರಕ್ಕೆ ಒದಗಿಸಬಹುದು. ಮಾರಲೇಬೇಕಾದ ತೋಟದ ಸುದ್ದಿ ದಲ್ಲಾಳಿಗಿಂತ ಮೊದಲು ನೆರೆಯ ಬೆಳೆಗಾರನಿಗೆ ತಲುಪುವಂತೆ ನೋಡಿಕೊಳ್ಳಬಹುದು. ಬೆಳೆ ಸಾಲ ಕೊಡುವಷ್ಟೇ ದೊಡ್ಡ ಸೇವೆ ಇದು.

ಕೊಳೆ ಬಂದ ಮೇಲೆ ಹೊಡೆದ ಮದ್ದು ಗೊನೆಯನ್ನು ಉಳಿಸುವುದಿಲ್ಲವೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ವರ್ಷ ಮನೆಯಿಂದ ಹೊರಡುವ ಮಗನೋ ಮಗಳೋ ಇದ್ದರೆ, ಟಿಕೇಟಿನ ದಿನ ಗೊತ್ತಾಗುವುದಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಪಹಣಿಯನ್ನು ಮೇಜಿನ ಮೇಲೆ ಇಟ್ಟು, ಊರಲ್ಲಿ ಉಳಿಯುವವನನ್ನು ಮೊದಲು ಮಾತಾಡಲು ಬಿಡಿ.