ಮೂಟೆ ಹೆಚ್ಚಿದ್ದೋ, ಲಾರಿ ಬಾರದ್ದೋ?

ಸಿದ್ದಾಪುರದಿಂದ ಲಾಲ್‌ಬಾಗಿಗೆ ಹೋಗುವ ದಾರಿಯಲ್ಲಿ ಒಂದು ಬೆಳಗ್ಗೆ ಕಸದ ಮೂಟೆಗಳು ಸಾಲಾಗಿ ಬಿದ್ದಿವೆ ಎಂದುಕೊಳ್ಳಿ. ಹಬ್ಬಕ್ಕೆಂದು ಎಲ್ಲರೂ ಮನೆ ಗುಡಿಸಿದರೆ? ಅಥವಾ ಲಾರಿಯೇ ಬರಲಿಲ್ಲವೆ? ಮೂಟೆ ಎಣಿಸಿದ ಮಾತ್ರಕ್ಕೆ ಉತ್ತರ ಸಿಗದು.

ಜೀವಕೋಶದೊಳಗೆ ಇಣುಕುವ ವಿಜ್ಞಾನಿಗಳಿಗೂ ಇದೇ ತೊಡಕು. ಕೋಶವು ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಪೊರೆಯ ಚೀಲದಲ್ಲಿ ಕಟ್ಟಿ, ಲೈಸೊಸೋಮ್ ಎಂಬ ಆಮ್ಲದ ಕೋಣೆಗೆ ಸಾಗಿಸಿ ಕರಗಿಸುತ್ತದೆ. ಕರಗಿ ಬಂದ ಸಾಮಗ್ರಿಯನ್ನು ಮತ್ತೆ ಬಳಸುತ್ತದೆ. ಬೆಲ್ಜಿಯಂನ ಕ್ರಿಶ್ಚಿಯನ್ ದ ಡೂವ್ 1963ರಲ್ಲಿ ಇದಕ್ಕಿಟ್ಟ ಹೆಸರು ಆಟೊಫಜಿ, ಅಂದರೆ ತನ್ನನ್ನೇ ತಾನು ತಿನ್ನುವುದು. ಹೆಸರು ಭಯಂಕರ, ಕೆಲಸ ಮಾತ್ರ ಅಚ್ಚುಕಟ್ಟು. ಯೀಸ್ಟಿನಲ್ಲಿ ಇದರ ಜೀನ್‌ಗಳನ್ನು ಪತ್ತೆಹಚ್ಚಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಚೀಲದ ಅಗಲ ಹೆಚ್ಚುಕಡಿಮೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು; ಬಣ್ಣವೂ ಇಲ್ಲ. ಕೋಶವನ್ನು ಕೊಲ್ಲದೆ ಅದನ್ನು ನೋಡುವುದು ಹೇಗೆ? ಚೀಲಕ್ಕೆ ಅಂಟಿಕೊಳ್ಳುವ ಎಲ್‌ಸಿ3 ಎಂಬ ಪ್ರೋಟೀನಿನ ಜೀನಿಗೆ, ಸಮುದ್ರದ ಜೆಲ್ಲಿಮೀನಿನಿಂದ ಬಂದ ಹಸಿರು ಹೊಳಪಿನ ಪ್ರೋಟೀನಿನ ಜೀನನ್ನು ಹೊಲಿದರು. ನೀಲಿ ಬೆಳಕು ಬಿಟ್ಟರೆ ಸಾಕು, ಚೀಲಗಳೆಲ್ಲ ಹಸಿರು ಚುಕ್ಕೆಗಳಾಗಿ ಮಿನುಗುತ್ತವೆ. ಆದರೆ ಚುಕ್ಕೆ ಹೆಚ್ಚಾದರೆ ಅರ್ಥವೇನು? ಮತ್ತೆ ಅದೇ ಮೂಟೆಯ ಪ್ರಶ್ನೆ!

2007ರಲ್ಲಿ ಜಪಾನಿನ ಸಂಶೋಧಕರು ಹಸಿರಿನ ಜತೆ ಕೆಂಪನ್ನೂ ಸೇರಿಸಿದರು. ಹಸಿರು ಹೊಳಪು ಆಮ್ಲದಲ್ಲಿ ಆರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಹಾಗಾಗಿ ದಾರಿಯಲ್ಲಿರುವ ಚೀಲದಲ್ಲಿ ಎರಡೂ ಬೆರೆತು ಹಳದಿ. ಆಮ್ಲದ ಕೋಣೆ ಸೇರಿದ ಮೇಲೆ ಬರಿಯ ಕೆಂಪು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ ಹಾಕಿ ನೋಡಿ, ಹಳದಿ ಚುಕ್ಕೆಗಳೇ ತುಂಬಿಕೊಳ್ಳುತ್ತವೆ. ಲಾರಿ ನಿಂತಿದೆ! ಬರಿಯ ಹಸಿರನ್ನು ಎಣಿಸಿದವನು ಇದನ್ನೇ ಶುದ್ಧೀಕರಣದ ಔಷಧಿ ಎಂದು ಬರೆದುಬಿಡುತ್ತಿದ್ದ.

ಇದು ಬರಿಯ ಲೆಕ್ಕದ ತಪ್ಪಲ್ಲ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಮಿದುಳಿನ ಕೋಶಗಳಲ್ಲಿ ಗಂಟುಗಟ್ಟುತ್ತದೆ. ಅದನ್ನು ಗುಡಿಸಲು ಆಟೊಫಜಿಯನ್ನು ಚುರುಕುಗೊಳಿಸುವ ರಾಸಾಯನಿಕ ಬೇಕು; ತಡೆಯುವಂಥದ್ದನ್ನು ಆರಿಸಿದರೆ ಗತಿಯೇನು? ನಮ್ಮೂರಿನ ಇನ್ನೊಂದು ತುದಿಯ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರವಿ ಮಂಜಿತ್ತಾಯ ಅವರ ತಂಡ ಇಂಥ ರಾಸಾಯನಿಕಗಳ ಹುಡುಕಾಟವನ್ನು ಯೀಸ್ಟಿನಿಂದಲೇ ಆರಂಭಿಸಿತು. 2017ರಲ್ಲಿ 6-ಬಯೊ ಎಂಬ ಅಣುವನ್ನು ಪ್ರಕಟಿಸಿತು. ಇಲಿಗಳಲ್ಲಿ ಅದು ಫಲ ಕೊಟ್ಟಿದೆ. ಇಲಿಯಿಂದ ಅಜ್ಜನ ಔಷಧಿ ಡಬ್ಬಿಯವರೆಗಿನ ದಾರಿ ಮಾತ್ರ ಬಹಳ ಉದ್ದ.