ಬೆಳಗಾವಿಗೆ ಒಯ್ಯಿರಿ

ತಿಲಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂತವರ ಮಾತು ಹೆಚ್ಚಾಗಿ ಆರೋಗ್ಯದ್ದೇ. ಯಾರ ಶುಗರ್ ಎಷ್ಟು, ಮೊಣಕಾಲಿಗೆ ಯಾವ ಡಾಕ್ಟರು, ಸ್ಟೆಂಟ್ ಹಾಕಿಸಲು ಯಾವ ಆಸ್ಪತ್ರೆ, ಇನ್ಶೂರೆನ್ಸಿನವರು ಬಿಲ್ಲಿನಲ್ಲಿ ಎಷ್ಟು ಮುರಿದುಕೊಂಡರು. ನಡುವೆ ಯಾರಾದರೂ ಸಿವಿಲ್ ಆಸ್ಪತ್ರೆಯ ಹೆಸರೆತ್ತಿದರೆ ಉತ್ತರ ತಯಾರಿರುತ್ತದೆ: "ಅಲ್ಲಿಗೆ ಯಾರ ಹೋಗ್ತಾರ್ರೀ?"

ಯಾರು ಹೋಗುತ್ತಾರೆಂದು ನಿಜಕ್ಕೂ ತಿಳಿಯಬೇಕಿದ್ದರೆ ಅದೇ ಹೊತ್ತಿಗೆ ಆ ಸಿವಿಲ್ ಆಸ್ಪತ್ರೆಯ, ಅಂದರೆ ಬಿಮ್ಸ್‌ನ ಚೀಟಿ ಕೌಂಟರಿನ ಮುಂದೆ ಹೋಗಿ ನಿಲ್ಲಬೇಕು. ಸವದತ್ತಿಯವರು, ಹುಕ್ಕೇರಿಯವರು, ನಸುಕಿನ ಬಸ್ಸು ಹಿಡಿದು ಬಂದ ಖಾನಾಪುರದವರು. ಕಂಕುಳಲ್ಲಿ ಮಗು, ಕೈಯಲ್ಲಿ ಎಕ್ಸ್‌ರೇ ತುರುಕಿದ ಜವಳಿ ಅಂಗಡಿಯ ಚೀಲ, ಚೀಲದ ತಳದಲ್ಲಿ ರೊಟ್ಟಿಗಂಟು. 2011ರ ಜನಗಣತಿಯಲ್ಲೇ 47 ಲಕ್ಷ ದಾಟಿದ್ದ ಜಿಲ್ಲೆ ಇದು. ಆ ಜನರಲ್ಲಿ ಖಾಸಗಿ ಆಸ್ಪತ್ರೆಯ ಠೇವಣಿ ಕಟ್ಟಲಾಗದವರೆಲ್ಲ ಕೊನೆಗೆ ಬಂದು ಸೇರುವುದು ಇಲ್ಲಿಗೇ. ಅವರನ್ನು 'ಯಾರೂ ಅಲ್ಲ' ಎಂದು ಲೆಕ್ಕ ಹಾಕುವುದನ್ನು ನಾವು ಬಹಳ ಸಲೀಸಾಗಿ ಕಲಿತಿದ್ದೇವೆ.

ಆ ವಾಕಿಂಗ್ ಜಾಗಕ್ಕೆ ಹೆಸರು ಸುಮ್ಮನೆ ಬಂದದ್ದಲ್ಲ. ಮುಂಬೈ ಪ್ರಾಂತದ ಕಾಲದಿಂದ ಅಲ್ಲಿ ಲಸಿಕೆ ತಯಾರಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಿಡುಬನ್ನು ಬೇರುಸಹಿತ ಕೀಳಲು ದೇಶ ಹೊರಟಾಗ, ಸಿಡುಬಿನ ಒಣಲಸಿಕೆ ತಯಾರಿಸುತ್ತಿದ್ದ ನಾಲ್ಕು ಊರುಗಳಲ್ಲಿ ಬೆಳಗಾವಿಯೂ ಒಂದು. ಇನ್ನುಳಿದವು ಗಿಂಡಿ, ಹೈದರಾಬಾದ್ ಮತ್ತು ಉತ್ತರದ ಪಟವಾಡಾಂಗರ್. 1980ರಲ್ಲಿ ಸಿಡುಬು ಭೂಮಿಯ ಮೇಲಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದಾಗ ಅದರಲ್ಲಿ ಈ ಊರಿನ ಪಾಲೂ ಇತ್ತು.

ಇದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 2022ರ ಜನವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ಸತ್ತವು. ಲಸಿಕೆಯನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಪ್ರಾಥಮಿಕ ವಿಚಾರಣೆಯಲ್ಲಿ ಹೊರಬಿತ್ತು. ಆ ಲಸಿಕೆಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಮಿಕ್ಕಿದ್ದನ್ನು ಎಸೆಯಬೇಕು. ಇದು ಯಾವ ತರಬೇತಿಯಲ್ಲೂ ಮೊದಲು ಹೇಳಿಕೊಡುವ ಪಾಠ. ಇಬ್ಬರು ಸಿಬ್ಬಂದಿ ಅಮಾನತಾದರು. ಪತ್ರಿಕೆಗಳಲ್ಲಿ ನಾಲ್ಕು ದಿನ ಬಂತು, ಹೋಯಿತು. ಲಸಿಕೆ ಒಯ್ಯುವ ಪೆಟ್ಟಿಗೆಯನ್ನು ಸಂಜೆ ಮರಳಿ ತಂದು ಎಣಿಸಿಕೊಳ್ಳುವವರು ಯಾರು, ಆ ಎಣಿಕೆಯ ವಹಿಗೆ ಮೇಲಿನವರು ಕೊನೆಯ ಬಾರಿ ಸಹಿ ಹಾಕಿದ್ದು ಯಾವಾಗ ಎಂದು ನಮ್ಮ ಊರಿನ ಕೇಂದ್ರಕ್ಕೆ ಹೋಗಿ ನಾವು ಕೇಳಲಿಲ್ಲ. ಕೇಳಬಹುದೆಂಬುದೇ ಬಹಳ ಜನರಿಗೆ ಹೊಳೆಯಲಿಲ್ಲ. ಅಮಾನತು ಎಂಬ ಪದ ಕಿವಿಗೆ ಬಿದ್ದೊಡನೆ ನ್ಯಾಯ ಸಿಕ್ಕಿತೆಂದು ಪೇಪರ್ ಮಡಚಿಡುವುದು ನಮ್ಮ ಹಳೆಯ ಚಾಳಿ.

ಇನ್ನು ಖಾನಾಪುರ. ಬೆಳಗಾವಿಯಿಂದ 26 ಕಿಲೋಮೀಟರು, ಮುಕ್ಕಾಲು ತಾಸಿನ ದಾರಿ. ಈ ಹತ್ತಿರವೇ ಆ ತಾಲೂಕಿಗೆ ಶಾಪವಾಗಿದೆ. "ಬೆಳಗಾವಿಗೆ ಒಯ್ಯಿರಿ" ಎಂಬ ಮಾತನ್ನು ಖಾನಾಪುರದಲ್ಲಿ ಕೇಳದ ಮನೆ ಇರಲಿಕ್ಕಿಲ್ಲ. ಹೆರಿಗೆಯಲ್ಲಿ ಸ್ವಲ್ಪ ತೊಡಕೇ? ಒಯ್ಯಿರಿ. ಮಗುವಿಗೆ ಉಸಿರಾಟ ಜೋರೇ? ಒಯ್ಯಿರಿ. ಹಾವು ಕಚ್ಚಿತೇ? ಒಂದು ಇಂಜೆಕ್ಷನ್ ಕೊಟ್ಟಿದ್ದೇವೆ, ಒಯ್ಯಿರಿ. ದೊಡ್ಡಾಸ್ಪತ್ರೆಗೆ ಕಳಿಸಲೇಬೇಕಾದ ರೋಗಿಗಳು ಇದ್ದೇ ಇರುತ್ತಾರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಳಿಸುವುದೇ ಚಿಕಿತ್ಸೆಯಾದಾಗ ಕೆಳಗಿನ ಆಸ್ಪತ್ರೆ ಬರಬರುತ್ತ ಬಸ್‌ಸ್ಟ್ಯಾಂಡಿನ ವಿಚಾರಣಾ ಕೌಂಟರಿನಂತಾಗುತ್ತದೆ. ಹೊಣೆ ಕೈದಾಟಿದ ಮೇಲೆ ರೋಗಿ ದಾರಿಯಲ್ಲಿ ಸತ್ತರೂ ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸರಿಯಾಗಿ ಸೇರುವುದಿಲ್ಲ. ನೌಕರಿ ತಾಲೂಕಿನಲ್ಲಿ, ಸಂಸಾರ ಬೆಳಗಾವಿಯಲ್ಲಿ ಎಂಬ ಏರ್ಪಾಟನ್ನು ಕೂಡ ನಾವು ಸಹಜವೆಂದೇ ಒಪ್ಪಿದ್ದೇವೆ. ಮಾಸ್ತರರಿಂದ ಹಿಡಿದು ಇಂಜಿನಿಯರುಗಳವರೆಗೆ ಎಲ್ಲರೂ ಹಾಗೆಯೇ ಓಡಾಡುವಾಗ ಡಾಕ್ಟರನ್ನು ಕೇಳುವುದು ಹೇಗೆಂಬ ದಾಕ್ಷಿಣ್ಯ ಬೇರೆ.

ಖಾನಾಪುರ ಪೇಟೆಯ ಆಚೆಗೆ, ಜಾಂಬೋಟಿ ದಾಟಿ ಕಣಕುಂಬಿಯ ಕಡೆಗೆ ಅಥವಾ ಹೆಮ್ಮಡಗಾದ ಕಡೆಗೆ ತಿರುಗಿದರೆ ಕಥೆಯೇ ಬೇರೆ. 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು. ಅದರ ಒಳಗೂ ಅಂಚಿಗೂ ಆಮಗಾಂವ, ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ದೇಗಾಂವ, ತಳೇವಾಡಿಗಳಂಥ ಊರುಗಳಿವೆ. ಕೆಲವು ನೂರು ಮನೆಯವೂ ಅಲ್ಲ. ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಉಪಕೇಂದ್ರ, 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಮಾನದಂಡ. ಆ ಮಾನದಂಡ ಎಣಿಸುವುದು ತಲೆಗಳನ್ನು ಮಾತ್ರ. ಜುಲೈಯಲ್ಲಿ ತುಂಬಿ ಹರಿಯುವ ಹಳ್ಳಗಳು, ಸಿಗದ ಫೋನ್ ನೆಟ್‌ವರ್ಕು, ಬೊಲೆರೊ ಹೂತು ನಿಲ್ಲುವ ಕೆಸರು ಅದರ ಲೆಕ್ಕದಲ್ಲಿಲ್ಲ.

2024ರ ಜುಲೈ ತಿಂಗಳ ಮಳೆಯಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬಳನ್ನು ಊರಿನ ಗಂಡಸರು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಹೆಗಲು ಬದಲಿಸುತ್ತ, ಕಾಡಿನ ಕೆಸರುದಾರಿಯಲ್ಲಿ ಕಿಲೋಮೀಟರುಗಟ್ಟಲೆ ನಡೆದು ಆಂಬುಲೆನ್ಸ್ ಬರುವ ಜಾಗಕ್ಕೆ ತಲುಪಿಸಿದರು. ಅಲ್ಲಿಂದ ಖಾನಾಪುರ, ಖಾನಾಪುರದಿಂದ ಬೆಳಗಾವಿ. ಆಕೆ ಉಳಿಯಲಿಲ್ಲ. ವಿಡಿಯೊ ಮಾತ್ರ ಎಲ್ಲರ ಮೊಬೈಲಿನಲ್ಲಿ ಉಳಿಯಿತು. ಅದನ್ನು ಹಂಚಿಕೊಂಡವರು ಹೊತ್ತವರ ಮನುಷ್ಯತ್ವವನ್ನು ಕೊಂಡಾಡಿದರು, ಕೈಮುಗಿಯುವ ಇಮೋಜಿ ಹಾಕಿದರು. ಆ ಹೊಗಳಿಕೆಯಲ್ಲಿ ನನಗೆ ಅಸಹ್ಯ ಕಾಣುತ್ತದೆ. ಊರವರು ಬೇರೆ ದಾರಿಯಿಲ್ಲದೆ ಮಾಡಿದ ಕೂಲಿಯನ್ನು ನಾವು ಸಂಸ್ಕೃತಿಯೆಂದು ಕರೆದು ಪಾರಾದೆವು. 108ರ ಸೇವೆ ರಾಜ್ಯದಲ್ಲಿ ಶುರುವಾದದ್ದು 2008ರಲ್ಲಿ. ಆ ಸೇವೆಗೆ ಹದಿನಾರು ವರ್ಷ ತುಂಬುವ ಹೊತ್ತಿಗೂ ಆ ಊರಿನವರ ಆಂಬುಲೆನ್ಸ್ ಅವರವರ ಹೆಗಲೇ.

ಅಷ್ಟಾದ ಮೇಲೆ ಸರಕಾರಕ್ಕೆ ತೋಚಿದ್ದು ಸ್ಥಳಾಂತರ. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿಯ ಪರಿಹಾರ ಗೊತ್ತಾಗಿ, ಚೆಕ್ ವಿತರಣೆಯ ಸಮಾರಂಭವೂ ಆಯಿತು. ಹೊರಬರಲು ಮನಸ್ಸಿದ್ದವರು ಬರಲಿ, ಅದು ಅವರ ಇಷ್ಟ. ಬರದವರ ಕಥೆಯೇನು? ಅರಣ್ಯ ಹಕ್ಕು ಕಾಯ್ದೆ 2006ರಿಂದ ಇದೆ, ಅಲ್ಲಿರುವುದು ಅವರ ಅಪರಾಧವಲ್ಲ. ಜ್ವರದ ಮಾತ್ರೆ ಬೇಕಿದ್ದರೆ ಮನೆ ಬಿಟ್ಟು ಬಾ ಎಂದು ತಿಲಕವಾಡಿಯ ಯಾರಿಗಾದರೂ ಹೇಳಿ ನೋಡೋಣ.

ಈ ಸೀಮೆಗೆ ದೊಡ್ಡವರು ಬರುವುದೇ ಇಲ್ಲವೆಂದಲ್ಲ. ಕಣಕುಂಬಿಗೆ ಎಲ್ಲ ಪಕ್ಷದವರೂ ಬಂದಿದ್ದಾರೆ, ಕಳಸಾ ನಾಲೆಯ ಮುಂದೆ ನಿಂತು ಮಹದಾಯಿಯ ನೀರಿನ ಬಗ್ಗೆ ಗುಡುಗಿದ್ದಾರೆ. ಗಡಿಯ ವಿಚಾರಕ್ಕಂತೂ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳು ಮೈಯೆಲ್ಲ ಕಿವಿ. ಮಹಾರಾಷ್ಟ್ರ ತಾನು ಹಕ್ಕು ಸಾಧಿಸುವ 865 ಊರುಗಳಿಗೆ ತನ್ನ ಆರೋಗ್ಯ ವಿಮೆಯನ್ನು ವಿಸ್ತರಿಸುತ್ತೇನೆಂದು 2023ರಲ್ಲಿ ಹೊರಟಿತು. ನಮ್ಮ ಸರಕಾರ ಸಿಡಿದೆದ್ದು ತಡೆಯುತ್ತೇವೆಂದಿತು. ಖಂಡಿಸಬೇಕಾದ್ದೇ, ಅದು ಆರೋಗ್ಯದ ಹೆಸರಿನ ರಾಜಕಾರಣವೇ ಆಗಿತ್ತು. ಆದರೆ ಆ ಗದ್ದಲದಲ್ಲಿ ಒಬ್ಬ ಕನ್ನಡ ಹೋರಾಟಗಾರನಾದರೂ, ಒಬ್ಬ ಮರಾಠಿ ಮುಖಂಡನಾದರೂ, ಆ ಊರುಗಳ ಉಪಕೇಂದ್ರದ ಬಾಗಿಲು ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆಂದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಒಂದಿಂಚು ನೆಲವನ್ನೂ ಬಿಡೆವು ಎನ್ನುವವರು ಆ ಇಂಚಿನ ಮೇಲೆ ಬದುಕುವವಳ ರಕ್ತದೊತ್ತಡ ನೋಡಲು ಒಬ್ಬ ನರ್ಸಮ್ಮನನ್ನು ಕಳಿಸಲಿ. ಆಕೆಗೆ ಕನ್ನಡವೂ ಮರಾಠಿಯೂ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಹಾಗೆಂದರೆ ಬೈಯುವವರು ನಮ್ಮಲ್ಲಿ ಇದ್ದಾರೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಹಲಗಾದ ಗುಡ್ಡದ ಮೇಲಿನ ಸುವರ್ಣ ವಿಧಾನಸೌಧ 2012ರಲ್ಲಿ ತೆರೆಯಿತು. ಅಲ್ಲಿ ಅಧಿವೇಶನ ಸೇರುವುದು ಹೆಚ್ಚಾಗಿ ಡಿಸೆಂಬರಿನಲ್ಲಿ. ಆಗ ಖಾನಾಪುರದ ಹಳ್ಳಗಳು ಇಳಿದಿರುತ್ತವೆ, ದಾರಿ ಒಣಗಿರುತ್ತದೆ, ಹವೆ ಹಿತವಾಗಿರುತ್ತದೆ. 2024ರ ಡಿಸೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ಬಗ್ಗೆ ಸದನದಲ್ಲಿ ಕೂಗಾಟವಾಯಿತು. ಅದೇ ತಿಂಗಳು ಗಾಂಧೀಜಿ ಅಧ್ಯಕ್ಷತೆಯ 1924ರ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವಕ್ಕೆಂದು ಊರ ತುಂಬ ದೀಪಾಲಂಕಾರ. ಸಂಜೆಯಾದರೆ ಜನ ಕುಟುಂಬ ಸಮೇತ ದೀಪ ನೋಡಲು ಹೊರಟರು. 1924ರ ಆ ಅಧಿವೇಶನದಲ್ಲಿ ಕಾಕಾ ಕಾಲೇಲ್ಕರರ ಮೇಲ್ವಿಚಾರಣೆಯಲ್ಲಿ ಸ್ವಯಂಸೇವಕರು ಪಾಯಖಾನೆ ತೊಳೆದಿದ್ದರು. ಶತಮಾನೋತ್ಸವಕ್ಕೆ ನಾವು ಆರಿಸಿಕೊಂಡದ್ದು ಬಲ್ಬುಗಳನ್ನು.

ಬುದ್ಧಿ ಇಲ್ಲವೆಂದಲ್ಲ, ವಿದ್ಯೆಗೂ ಬರವಿಲ್ಲ. 2006ರ ಅಕ್ಟೋಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಒಂದು ಅಧ್ಯಯನ ಇದೇ ಬೆಳಗಾವಿಯ ಹಳ್ಳಿಗಳಲ್ಲಿ ನಡೆದದ್ದು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜತೆಗೂಡಿ 1,620 ಹೆಂಗಸರನ್ನು ಒಳಗೊಂಡು ಮಾಡಿದ ಪ್ರಯೋಗ. ಹೆರಿಗೆಯಾದ ಕೂಡಲೇ ಹಳ್ಳಿಯ ಎಎನ್ಎಂಗಳು ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟಾಗ, ಬಾಣಂತಿಯರಲ್ಲಿ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಫ್ರಿಜ್ ಬೇಡದ, ಸೂಜಿ ಬೇಡದ ಗುಳಿಗೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಅದನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆ ದೂರವಿರುವಲ್ಲಿ ತರಬೇತಿ ಪಡೆದ ಒಬ್ಬ ಹೆಣ್ಣುಮಗಳೂ ಒಂದು ಗುಳಿಗೆಯೂ ಸೇರಿ ಏನು ಮಾಡಬಲ್ಲವು ಎಂಬುದನ್ನು ಜಗತ್ತು ಬೆಳಗಾವಿಯ ಹೆಣ್ಣುಮಕ್ಕಳಿಂದ ಕಲಿಯಿತು. ಅಂಥ ಜಿಲ್ಲೆಯಲ್ಲಿ ಕುಳಿತು "ಕಾಡಿನ ಊರು, ಏನು ಮಾಡಲಿಕ್ಕಾಗುತ್ತದೆ" ಎಂದು ನಿಟ್ಟುಸಿರು ಬಿಡಲು ನಮಗೆ ಯಾವ ಮುಖವಿದೆ?

ಇನ್ನು ನಮ್ಮ ಸಮಾಜಸೇವೆ. ನಾಯಕರ ಹುಟ್ಟುಹಬ್ಬಕ್ಕೆ ಸರಕಾರಿ ಆಸ್ಪತ್ರೆಯ ವಾರ್ಡಿಗೆ ಹಣ್ಣು ಹಂಚಲು ಬರುವ ತಂಡವನ್ನು ಗಮನಿಸಿದ್ದೀರಾ? ಸಲೈನ್ ಏರಿಸಿಕೊಂಡ ಮುದುಕಿಯ ಮುಂದೆ ಒಂದು ಸೇಬು, ಎರಡು ಬಾಳೆಹಣ್ಣು, ಒಂದು ಬ್ರೆಡ್ ಪೊಟ್ಟಣ. ಅದನ್ನು ಹಿಡಿಯಲು ಎಂಟು ಕೈ. ಮುದುಕಿ ಕ್ಯಾಮೆರಾ ನೋಡಬೇಕು, ನೋಡದಿದ್ದರೆ "ಅಜ್ಜೀ, ಈ ಕಡೆ" ಎಂಬ ಆಜ್ಞೆ. ಆಕೆಗೆ ಮಧುಮೇಹವಿದೆಯೇ, ಬಾಳೆಹಣ್ಣು ತಿನ್ನಬಹುದೇ ಎಂದು ಕೇಳುವವರಿಲ್ಲ. ಉಚಿತ ತಪಾಸಣಾ ಶಿಬಿರಗಳೂ ಬಹುಪಾಲು ಇದೇ ಜಾತಿಯವು. ಬಿಪಿ ಇದೆಯೆಂದು ಚೀಟಿಯಲ್ಲಿ ಬರೆದುಕೊಟ್ಟು ಶಾಮಿಯಾನ ಬಿಚ್ಚಿಕೊಂಡು ಹೋಗುತ್ತಾರೆ, ಮರುತಿಂಗಳ ಮಾತ್ರೆ ಎಲ್ಲಿ ಸಿಗುತ್ತದೆಂದು ಹೇಳುವವರಿಲ್ಲ. ಗಣೇಶೋತ್ಸವಕ್ಕೆ ಗಲ್ಲಿಗೊಂದು ಮಂಡಳ ಕಟ್ಟಿ, ಪಟ್ಟಿ ಎತ್ತಿ, ವಿಸರ್ಜನೆಯ ಮೆರವಣಿಗೆಯನ್ನು ಮರುದಿನದವರೆಗೂ ನಡೆಸಬಲ್ಲ ಊರಿದು. ಸಂಘಟನೆ ಬಾರದ ಜನ ನಾವಲ್ಲ. ಜಾಂಬೋಟಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಒಂದು ಜೀಪನ್ನು ಡ್ರೈವರ್ ಸಮೇತ ನಿಲ್ಲಿಸಲು ಎಷ್ಟು ಖರ್ಚಾಗುತ್ತದೆಂದು ಯಾವ ಮಂಡಳದ ಖಜಾಂಚಿಯಾದರೂ ಲೆಕ್ಕ ಹಾಕಲಿ, ಡಿಜೆ ಬಾಡಿಗೆಯ ರಸೀದಿಯನ್ನು ಪಕ್ಕದಲ್ಲೇ ಇಟ್ಟುಕೊಂಡು.

ಸುಮ್ಮನಿರುವುದು ಬಿಟ್ಟರೆ ನಮಗೆ ಬರುವುದು ಸಿಟ್ಟು ಮಾತ್ರ. 2020ರ ಜುಲೈಯಲ್ಲಿ ಕೋವಿಡ್ ರೋಗಿ ಸತ್ತಾಗ ಬಿಮ್ಸ್ ಮುಂದೆ ಆಂಬುಲೆನ್ಸಿಗೇ ಬೆಂಕಿ ಹಚ್ಚಿದರು. ವರ್ಷವಿಡೀ ಒಂದು ಪ್ರಶ್ನೆ ಕೇಳದ ಊರು ಒಂದು ರಾತ್ರಿ ಗಾಡಿ ಸುಟ್ಟಿತು, ಅದೂ ಇನ್ನೊಬ್ಬ ರೋಗಿಯನ್ನು ತರಬೇಕಾದ ಗಾಡಿಯನ್ನು.

ಕೇಳಲು ಜಾಗವಿಲ್ಲವೆನ್ನುವಂತಿಲ್ಲ. ಊರೂರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬುದಿದೆ. ವರ್ಷಕ್ಕೆ 10,000 ರೂಪಾಯಿ ನಿರ್ಬಂಧವಿಲ್ಲದ ನಿಧಿಯ ಅವಕಾಶವಿದೆ, ಆಶಾ ಕಾರ್ಯಕರ್ತೆ ಅದರಲ್ಲಿ ಇರುತ್ತಾಳೆ. ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ನಿಮ್ಮ ಊರಿನ ಸಮಿತಿಯ ಸದಸ್ಯರು ಯಾರೆಂದು ನೆರೆಮನೆಯವರನ್ನು ಕೇಳಿ ನೋಡಿ, ಬಹಳ ಕಡೆ ಸದಸ್ಯರಿಗೇ ತಾವು ಸದಸ್ಯರೆಂಬುದು ಗೊತ್ತಿರುವುದಿಲ್ಲ. ಮನೆಗೆ ಬಂದ ವಹಿಗೆ ಸಹಿ ಬೀಳುತ್ತದೆ, ಸಭೆ ನಡೆದಂತಾಗುತ್ತದೆ. ಖಾನಾಪುರದಲ್ಲೇ ಕೂಲಿಕಾರ ಹೆಂಗಸರು ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆ ಕಟ್ಟಿಕೊಂಡು, ಉದ್ಯೋಗ ಖಾತರಿಯ ಕೆಲಸಕ್ಕಾಗಿ ಪಂಚಾಯಿತಿಯ ಮೆಟ್ಟಿಲ ಮೇಲೆ ಕೂತು ಕೆಲಸ ಕೇಳುವ ಅರ್ಜಿಯಾದ ಫಾರ್ಮ್ ಆರಕ್ಕೆ ರಸೀದಿ ಪಡೆಯುವುದನ್ನು ಕಲಿತಿದ್ದಾರೆ. ಅಕ್ಷರ ಬಾರದ ಕೂಲಿಗಳಿಗೆ ಬಂದ ಆ ಧೈರ್ಯ ನಮ್ಮ ಪದವೀಧರರಿಗೆ, ನಿವೃತ್ತ ಅಧಿಕಾರಿಗಳಿಗೆ, ರೋಟರಿಯ ಮಾಜಿ ಅಧ್ಯಕ್ಷರಿಗೆ ಯಾಕೆ ಬಂದಿಲ್ಲ?

ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಅವರ ಜತೆ ಹೋಗಿ ಕೂತ ಬಾಣಂತಿಯರ ಗಂಡಂದಿರು, ಅತ್ತೆಯಂದಿರು ಎಷ್ಟು ಮಂದಿ? ಆ ಕಾರ್ಯಕರ್ತೆಯರ ಡೈರಿಯಲ್ಲಿ ಎಲ್ಲವೂ ಇದೆ. ಯಾರಿಗೆ ಎಷ್ಟನೇ ತಿಂಗಳು, ಯಾರಿಗೆ ರಕ್ತ ಕಡಿಮೆ, ಯಾರ ಮೊದಲ ಹೆರಿಗೆ ಸಿಸೇರಿಯನ್. ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನಾಂಕ ಬರೆದಿರುತ್ತದೆ. ಜೂನ್ ಎರಡನೇ ವಾರಕ್ಕೆ ಭೀಮಗಡದಲ್ಲಿ ಮಳೆ ಹಿಡಿಯುತ್ತದೆಂಬುದು ದನಕಾಯುವ ಹುಡುಗನಿಗೂ ಗೊತ್ತು. ಎರಡೂ ದಿನಾಂಕ ಮೊದಲೇ ತಿಳಿದಿರುವಾಗ ಜುಲೈಯ ಹೆರಿಗೆನೋವನ್ನು ತುರ್ತುಸ್ಥಿತಿ ಎಂದು ಕರೆಯುವುದು ಸುಳ್ಳು. ಹೆರಿಗೆಗೆ ಎರಡು ವಾರ ಮೊದಲೇ ಗರ್ಭಿಣಿಯೂ ಜತೆಗೊಬ್ಬ ಹೆಂಗಸೂ ಬಂದು ಉಳಿಯಲು ಖಾನಾಪುರ ಪೇಟೆಯಲ್ಲಿ ನಾಲ್ಕು ಕೋಣೆಯ ಒಂದು ಮನೆ, ಎರಡು ಹೊತ್ತಿನ ಊಟ, ಬಿಟ್ಟುಬಂದ ಕೂಲಿಗೆ ಒಂದಿಷ್ಟು ಹಣ ಸಾಕು. ಬರುವ ಮಳೆಗಾಲದಲ್ಲಿ ಹೆರುವವರ ಹೆಸರುಗಳು ಚಳಿಗಾಲ ಮುಗಿಯುವುದರೊಳಗೆ ಆ ಡೈರಿಗಳಲ್ಲಿ ಇರುತ್ತವೆ. ತಾಲೂಕು ಆರೋಗ್ಯಾಧಿಕಾರಿಯ ಕಚೇರಿ ಪೇಟೆಯಲ್ಲೇ ಇದೆ. ಹೋಗಿ ಪಟ್ಟಿ ಕೇಳಿ. ಹೆಸರು ಕೊಡಲಾಗದೆಂದರೆ, ಅದು ಸರಿಯೇ, ಸಂಖ್ಯೆ ಕೇಳಿ. ಪ್ರತಿಯೊಬ್ಬಳಿಗೂ ಕೋಣೆ ಯಾವುದು, ಗಾಡಿ ಯಾವುದು, ಡ್ರೈವರನ ಫೋನ್ ನಂಬರು ಯಾವುದು ಎಂದು ಬರೆದು ಕೊಡಲು ಹೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.